ಹವಳದ ತೊಟ್ಟಿಗೆ ಯಾವ ದೀಪ? ವ್ಯಾಟ್ ಬಿಡಿ, ಪಾರ್ ಅಳೆಯಿರಿ

ಡಬ್ಬಿಯ ಮೇಲಿನ ವ್ಯಾಟ್ ನೋಡಿ ರೀಫ್ ಅಕ್ವೇರಿಯಂಗೆ ದೀಪ ತಂದವರು ಸಾಮಾನ್ಯವಾಗಿ ಎರಡು ಸಲ ಕೊಳ್ಳುತ್ತಾರೆ. ವ್ಯಾಟ್ ಹೇಳುವುದು ದೀಪ ಎಷ್ಟು ಕರೆಂಟು ನುಂಗುತ್ತದೆ ಎಂಬುದನ್ನಷ್ಟೇ. ಹವಳದ ಮೈಯೊಳಗಿನ ಝೂಸಾಂಥೆಲ್ಲೆ ಪಾಚಿಗೆ ಬೇಕಾದದ್ದು 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕು. ಅದರ ಅಳತೆಯೇ ಪಾರ್ (PAR, ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕು): ಒಂದು ಚದರ ಮೀಟರ್ ಮೇಲೆ ಸೆಕೆಂಡಿಗೆ ಬೀಳುವ ಬೆಳಕಿನ ಕಣಗಳು, ಮೈಕ್ರೋಮೋಲ್ ಲೆಕ್ಕದಲ್ಲಿ. ಲಕ್ಸ್ ಮೀಟರ್ ನಂಬಬೇಡಿ. ಅದು ಮನುಷ್ಯನ ಕಣ್ಣಿಗೆ ಹೊಂದಿಸಿದ್ದು, ನೀಲಿಯನ್ನು ತೀರಾ ಕಡಿಮೆ ತೋರಿಸುತ್ತದೆ. ರೀಫ್ ದೀಪದಲ್ಲಿ ತುಂಬಿರುವುದೇ ನೀಲಿ.

ಮೊದಲು ಸಾಕುವ ಹವಳ ಯಾವುದೆಂದು ತೀರ್ಮಾನಿಸಿ. ಮಶ್ರೂಮ್, ಲೆದರ್‌ನಂಥ ಮೃದು ಹವಳಕ್ಕೆ 50–100 ಪಾರ್ ಸಾಕು. ದೊಡ್ಡ ಪಾಲಿಪ್‌ಗಳ ಗಟ್ಟಿ ಹವಳವಾದ ಯುಫಿಲಿಯಾ ಜಾತಿಗೆ 100–150. ಸಣ್ಣ ಪಾಲಿಪ್‌ಗಳ, ಕವಲೊಡೆಯುವ ಗಟ್ಟಿ ಹವಳ ಅಕ್ರೋಪೋರಾ 200–350 ಕೇಳುತ್ತದೆ.

ಇನ್ನು ದೀಪಗಳು. 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ತೊಟ್ಟಿ ಇದೆ ಎನ್ನಿ, ದಿನಕ್ಕೆ 9 ಗಂಟೆ ಬೆಳಕು. 250 ವ್ಯಾಟಿನ ಎರಡು ಮೆಟಲ್ ಹ್ಯಾಲೈಡ್ ಬಲ್ಬು ಹಾಕಿದರೆ, ಚೋಕ್ ತಿನ್ನುವುದನ್ನು ಬಿಟ್ಟೇ ದಿನಕ್ಕೆ 4.5 ಯೂನಿಟ್. ನೀರಿನ ಮೇಲೆ ಅಲೆಯ ಮಿನುಗು ಚೆಂದ, ನಿಜ. ಆದರೆ ಅದರ ಶಾಖ ನೀರಿಗಿಳಿಯುತ್ತದೆ, ಆವಿ ಹೆಚ್ಚುತ್ತದೆ, ನೀರು ತಂಪಾಗಿಸುವ ಚಿಲ್ಲರ್‌ನ ಖರ್ಚೂ ಲೆಕ್ಕಕ್ಕೆ ಬರುತ್ತದೆ. 54 ವ್ಯಾಟಿನ ಆರು ಟಿ5 (ತೆಳು ಫ್ಲೋರೊಸೆಂಟ್) ಟ್ಯೂಬು ಸುಮಾರು 2.9 ಯೂನಿಟ್. ಬೆಳಕು ಸಮನಾಗಿ ಹರಡುವುದರಲ್ಲಿ ಇದನ್ನು ಮೀರಿಸುವುದು ಕಷ್ಟ, ಒಂದೊಂದು ಟ್ಯೂಬಿಗೂ ಬೇರೆ ಬೇರೆ ರಿಫ್ಲೆಕ್ಟರ್ ಇದ್ದರೆ. 9–12 ತಿಂಗಳಿಗೆ ಟ್ಯೂಬು ಬದಲಿಸಲೇಬೇಕು. ಉರಿಯುತ್ತಿದ್ದರೂ ಅದರ ಬೆಳಕು ಕುಂದಿರುತ್ತದೆ. 200 ವ್ಯಾಟಿನ ಎಲ್‌ಇಡಿಗೆ 1.8 ಯೂನಿಟ್. ಶಾಖ ಹೆಚ್ಚಾಗಿ ಹೀಟ್‌ಸಿಂಕ್ ಮೂಲಕ ಮೇಲೆಯೇ ಹೋಗುತ್ತದೆ. ಇದರ ದೋಷ ನೆರಳು: ಬೆಳಕು ಒಂದೇ ಬಿಂದುವಿನಿಂದ ಬರುವುದರಿಂದ ಹವಳದ ಕವಲಿನ ಕೆಳಭಾಗ ಸೊರಗುತ್ತದೆ. ಒಂದು ದೊಡ್ಡ ದೀಪಕ್ಕಿಂತ ಎರಡು ಸಣ್ಣವು ಮೇಲು.

ಅಳತೆ ಹೀಗೆ. ಗಾಜು ಒರೆಸಿ, ಪಂಪು ಓಡುತ್ತಿರಲಿ. ಮರಳಿನ ಮಟ್ಟ, ಕಲ್ಲಿನ ನಡು, ಕಲ್ಲಿನ ತುದಿ, ಈ ಮೂರೂ ಆಳದಲ್ಲಿ ನಾಲ್ಕು ಮೂಲೆ ಮತ್ತು ಮಧ್ಯ, ಒಟ್ಟು 15 ಜಾಗ ಅಳೆಯಿರಿ. ಸೆನ್ಸರ್ ನೆಟ್ಟಗೆ ಮೇಲ್ಮುಖವಾಗಿರಬೇಕು, ಕೈಯ ನೆರಳು ಬೀಳಬಾರದು. ನೀರೊಳಗೆ ಸೆನ್ಸರ್ ಕಡಿಮೆ ತೋರಿಸುತ್ತದೆ. ಮೀಟರ್ ತಾನೇ ಸರಿಪಡಿಸದಿದ್ದರೆ ಕೈಪಿಡಿಯಲ್ಲಿರುವ ಗುಣಕದಿಂದ ಗುಣಿಸಿ.

ದಕ್ಷತೆ ತಿಳಿಯಲು, ಹವಳ ಕೂರುವ ಆಳದ ಸರಾಸರಿ ಪಾರ್ ಅನ್ನು ತೊಟ್ಟಿಯ ವಿಸ್ತೀರ್ಣದಿಂದ ಗುಣಿಸಿ, ಪ್ಲಗ್‌ಗೆ ಸಿಕ್ಕಿಸುವ ವ್ಯಾಟ್ ಮೀಟರ್ ತೋರಿಸಿದ ಅಂಕಿಯಿಂದ ಭಾಗಿಸಿ. ಸರಾಸರಿ 180, ವಿಸ್ತೀರ್ಣ 0.72 ಚದರ ಮೀಟರ್, 200 ವ್ಯಾಟ್ ಆದರೆ ಬರುವುದು ಒಂದು ವ್ಯಾಟಿಗೆ ಸೆಕೆಂಡಿಗೆ 0.65 ಮೈಕ್ರೋಮೋಲ್. ಇನ್ನೊಂದು ದೀಪವನ್ನೂ ಅದೇ ಎತ್ತರದಲ್ಲಿ ತೂಗುಹಾಕಿ ಅದೇ ಆಳದಲ್ಲಿ ಅಳೆದರೆ ಮಾತ್ರ ಹೋಲಿಕೆಗೆ ಅರ್ಥ.

ಟಿ5ನಿಂದ ಎಲ್‌ಇಡಿಗೆ ಬದಲಾಯಿಸುವವರು ಮೊದಲ ದಿನವೇ ಪೂರ್ತಿ ಏರಿಸಿಬಿಡುತ್ತಾರೆ. ಹವಳ ಪಾಚಿಯನ್ನು ಹೊರದಬ್ಬಿ ಬೆಳ್ಳಗಾಗುತ್ತದೆ. ಹಳೆಯ ದೀಪದಡಿ ಎಷ್ಟು ಪಾರ್ ಇತ್ತೋ ಅಷ್ಟಕ್ಕೇ ಹೊಸದನ್ನು ಇಳಿಸಿ, ವಾರಕ್ಕೆ ಶೇ 5ರಂತೆ ಏರಿಸಿ. ದೀಪಕ್ಕೆ ಎದುರಾದ ಮೇಲ್ಮೈ ಮಾತ್ರ ಮಾಸಿದರೆ ಹಿಂದಿನ ವಾರದ ಮಟ್ಟಕ್ಕೆ ಮರಳಿ. ಕಂದು ಬಣ್ಣಕ್ಕೆ ತಿರುಗಿದರೆ ಬೆಳಕು ಸಾಲದಿರಬಹುದು, ಆದರೆ ನೈಟ್ರೇಟ್ ಹೆಚ್ಚಾದರೂ ಹೀಗಾಗುತ್ತದೆ. ದೀಪಕ್ಕೆ ಕೈಹಾಕುವ ಮುನ್ನ ನೀರು ಪರೀಕ್ಷಿಸಿ.