ಕಾಳು ತಿನ್ನದ ಹುಳ

ನಮ್ಮ ಹಾವೇರಿ ಕಡೆ ಮೆಕ್ಕೆಜೋಳಕ್ಕೆ ಗೋವಿನಜೋಳ ಅಂತೀವಿ. ರೇಟು ಏರಲಿ ಅಂತ ಒಂದು ವರ್ಷ 60 ಚೀಲ ಮನೆ ಹಿಂದಿನ ಗೋದಾಮಿನಲ್ಲಿ ಇಟ್ಟುಕೊಂಡಿದ್ದೆ. ಜೂನ್ ಕೊನೆಗೆ ಮಳೆ ಹಿಡಿಯಿತು. ಗೋಡೆ ಪಕ್ಕದ ಚೀಲಗಳ ಮೇಲೆ ಸಣ್ಣ ಕಂದು ಹುಳ ಹರಿದಾಡತೊಡಗಿದವು.

ಭಾವಮೈದ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ತರುತ್ತೇನೆ ಅಂತ ಹೊರಟೇಬಿಟ್ಟ. ತಡೆದೆ. ಗೋದಾಮಿಗೂ ನಾವು ಮಲಗುವ ಕೋಣೆಗೂ ಒಂದೇ ಗೋಡೆ. ಆ ಮಾತ್ರೆಯಿಂದ ಹೊರಡುವ ವಿಷಗಾಳಿ ಮನುಷ್ಯರ ಜೀವವನ್ನೂ ತೆಗೆಯುತ್ತದೆ.

ಎರಡು ಹಿಡಿ ಕಾಳು ಜರಡಿಗೆ ಹಾಕಿ ಬಿಳಿ ಹಾಳೆ ಮೇಲೆ ಆಡಿಸಿದೆ. ಹುಳ ಬಿದ್ದವು, 2 ಮಿಲಿಮೀಟರ್ ಇದ್ದಾವು. ಆದರೆ ಹಿಟ್ಟು ಉದುರಲಿಲ್ಲ. ಕಾಳಲ್ಲಿ ಒಂದೂ ತೂತಿಲ್ಲ. ಸೊಂಡಿಲು ಹುಳ ಆಗಿದ್ದರೆ ಹಾಳೆ ತುಂಬ ಹಿಟ್ಟಿರುತ್ತಿತ್ತು, ಅಲ್ವಾ?

ತಂಗಿ ಮಗಳು ಕೃಷಿ ಓದಿದವಳು. ಭೂತಗನ್ನಡಿ ಮೇಲೆ ಮೊಬೈಲ್ ಹಿಡಿದು ಫೋಟೊ ಕಳಿಸಿದೆ. "ಮಾಮಾ, ತಲೆ ಹಿಂದ ಎರಡೂ ಮೂಲ್ಯಾಗ ಒಂದೊಂದು ಗುಬಟು ಐತೇನು ನೋಡ್ರಿ" ಅಂದಳು. ಇತ್ತು. ಅಲ್ಲಿ ಗರಗಸದ ಥರ ಆರಾರು ಹಲ್ಲಿದ್ದರೆ ಬೇರೆ ಹುಳವಂತೆ, ಅದು ನುಚ್ಚು, ಹಿಟ್ಟು ತಿನ್ನುತ್ತದೆ. ಇದು ಅಹಾಸ್ವೆರಸ್ ಅಡ್ವೆನಾ. ಇಂಗ್ಲಿಷಿನಲ್ಲಿ ಫಾರಿನ್ ಗ್ರೇನ್ ಬೀಟಲ್. ಹೆಸರಲ್ಲಿ ಧಾನ್ಯ, ಹೊಟ್ಟೆಗೆ ಮಾತ್ರ ಬೂಷ್ಟು! "ಹುಳಕ್ಕ ಔಷಧ ಹುಡುಕಬ್ಯಾಡ್ರಿ, ನೀರು ಎಲ್ಲಿಂದ ಬರ್ತೈತಿ ಹುಡುಕ್ರಿ."

ಕಾಳಿನ ತೇವ ಅಳೆಯುವ ಮೀಟರ್ ಇರಲಿಲ್ಲ. ಒಣ ಗಾಜಿನ ಬಾಟಲಿಗೆ ಎರಡು ಚಮಚ ಒಣ ಉಪ್ಪು, ಮೂರನೇ ಒಂದು ಭಾಗ ಕಾಳು ಹಾಕಿ ಚೆನ್ನಾಗಿ ಅಲುಗಾಡಿಸಿದೆ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ 15 ದಾಟಿದೆ ಅಂತ ಲೆಕ್ಕ. ನಡುವಿನ ಸಾಲಿನ ಕಾಳು ಹಾಕಿದಾಗ ಬಾಟಲಿ ಸ್ವಚ್ಛ. ಗೋಡೆ ಕಡೆಯದಕ್ಕೆ ಗಾಜಿನ ಒಳಗೆಲ್ಲ ಬೆಳ್ಳಗೆ ಮೆತ್ತಿಕೊಂಡಿತು. ಆಮೇಲೆ ಅಡತಿ ಅಂಗಡಿಯ ಮೀಟರಿನಲ್ಲಿ ನೋಡಿದರೆ ಒಂದು 12.4, ಇನ್ನೊಂದು 16.8.

ಚೀಲ ಸರಿಸಿದೆವು. ಕೆಳಗಿನ ಚೀಲಕ್ಕೆ ಕೈ ಹಾಕಿದರೆ ಒಳಗೆ ಬೆಚ್ಚಗಿತ್ತು. ಕಾಳು ಗಡ್ಡೆಕಟ್ಟಿತ್ತು, ಮೇಲೆ ಹಸಿರು-ಹಳದಿ ಪುಡಿ, ಮುಗ್ಗಲು ವಾಸನೆ. ಹೊರಗೆ ಹೋಗಿ ನೋಡಿದೆ. ಚಾವಣಿ ನೀರಿನ ಪೈಪು ಒಡೆದು, ನೀರೆಲ್ಲ ಸೀದಾ ಗೋಡೆ ಬುಡಕ್ಕೆ ಬೀಳುತ್ತಿತ್ತು. ಹೋದ ಬೇಸಿಗೆಯಲ್ಲೇ ಹೆಂಡತಿ ಹೇಳಿದ್ದಳು. ನಾನು ಹೂಂ ಅಂದಿದ್ದೆ.

ಪೈಪು ಹಾಕಿಸಿದೆ. 4 ಚೀಲ ಬರೀ ತೇವ ಆಗಿದ್ದವು. ಬಿಸಿಲು ಕಂಡಾಗ ತಾಡಪತ್ರಿ ಮೇಲೆ, ಮಳೆ ಬಂದರೆ ಪಡಸಾಲೆಯಲ್ಲಿ ಫ್ಯಾನ್ ಕೆಳಗೆ ಹರವಿದೆ. ಕಚ್ಚಿದರೆ ಕಟ್ ಅನ್ನೋವರೆಗೂ ಬಿಡಲಿಲ್ಲ. ಬೂಷ್ಟು ಹಿಡಿದ 3 ಚೀಲವನ್ನು ಎಮ್ಮೆಗಾದರೂ ಹಾಕು ಅಂದಳು ಅವ್ವ. ಹಾಕಲಿಲ್ಲ, ಗುಂಡಿ ತೋಡಿ ಮುಚ್ಚಿದೆ. ಅಂಥ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ವಿಷ ಇರಬಹುದು, ಅದು ಹಾಲಿಗೂ ಇಳಿಯುತ್ತದೆ. ಅವ್ವ ಎರಡು ದಿನ ಮಾತಾಡಲಿಲ್ಲ. ಉಳಿದ ಚೀಲಗಳನ್ನು ಹಲಗೆ ಮೇಲೆ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಪೇರಿಸಿದೆ. ಎರಡು ವಾರ ಹುಳ ಕಿಟಕಿ ಹತ್ತಿರ ಸುಮ್ನೆ ಓಡಾಡಿಕೊಂಡಿದ್ದವು. ಆಮೇಲೆ ಕಾಣಲಿಲ್ಲ.

ಮರುವರ್ಷ ಅದೇ ಭಾವಮೈದನ ಫೋನು. ಹುಬ್ಬಳ್ಳಿಯ ಹೊಸ ಮನೆಯ ಬಚ್ಚಲಲ್ಲಿ ಅಂಥದ್ದೇ ಹುಳ. ಮನೆಗೆ ಇನ್ನೂ ಅಕ್ಕಿ ಚೀಲವನ್ನೇ ತಂದಿಲ್ಲ, ಎಲ್ಲಿಂದ ಬಂತು ಅಂತ ಅವನ ಪ್ರಶ್ನೆ. ಪ್ಲಾಸ್ಟರ್ ಮಾಡಿ ಎಷ್ಟು ದಿನ ಆಯಿತು ಅಂತ ಕೇಳಿದೆ.

"ಇಪ್ಪತ್ತು ದಿನ ಆತ್ರಿ."

"ಕಿಟಕಿ ತಗಿ, ಫ್ಯಾನ್ ಹಾಕು. ಮಾತ್ರೆ ತರಬ್ಯಾಡ."