ಗೆಳೆಯನನ್ನು ಮರಳಿ ತೋಟಕ್ಕೆ ತಂದ ನನ್ನ ಅನುಭವ

ಮೂಡಿಗೆರೆ ತಾಲ್ಲೂಕಿನಲ್ಲಿ ನನ್ನ ತೋಟದ ಬೇಲಿಗೆ ಹೊಂದಿಕೊಂಡೇ ನನ್ನ ಬಾಲ್ಯದ ಗೆಳೆಯನ ಆರು ಎಕರೆ ರೋಬಸ್ಟಾ ಕಾಫಿ ತೋಟವಿದೆ. 2021ರ ಹೊತ್ತಿಗೆ ಅವನು ಎದ್ದೊಡನೆ ಕುಡಿಯುವ ಸ್ಥಿತಿಗೆ ಇಳಿದಿದ್ದ. ಪತ್ನಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದರು; ಫಸಲು ಗಿಡದಲ್ಲಿರುವಾಗಲೇ ವ್ಯಾಪಾರಿಯ ಪಾಲಾಗುತ್ತಿತ್ತು. ಅವನ ಸಹವಾಸ ಬಿಡು ಎಂದು ನನಗೆ ಹೇಳದವರೇ ಊರಿನಲ್ಲಿರಲಿಲ್ಲ. ಅವನ ಸ್ವಂತ ಅಣ್ಣನೂ ಅದನ್ನೇ ಹೇಳಿದ್ದರು. ಇಂದು ಅವರೇ ಇದೇ ತೊಂದರೆಯಲ್ಲಿರುವ ಬೇರೆಯವರನ್ನು ನನ್ನ ಬಳಿಗೆ ಕಳುಹಿಸುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ಪ್ರಯತ್ನದಲ್ಲಿ ನಾನು ಅವನನ್ನು ಕೊಲ್ಲುವುದರಲ್ಲಿದ್ದೆ. ನಮ್ಮ ಮನೆಯಲ್ಲಿಯೇ ಇರಿಸಿಕೊಂಡು ಒಂದು ಹನಿಯೂ ಸಿಗದಂತೆ ನೋಡಿಕೊಂಡೆ. ಎರಡನೆಯ ರಾತ್ರಿ ಮೈ ನಡುಗಿ, ಎದುರಿಗೆ ಇಲ್ಲದವರೊಡನೆ ಮಾತನಾಡತೊಡಗಿದವನಿಗೆ ಬೆಳಗಿನ ಜಾವ ಫಿಟ್ಸ್ ಬಂತು. ವರ್ಷಗಟ್ಟಲೆ ದಿನವಿಡೀ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಮೊದಲ ನಾಲ್ಕೈದು ದಿನ ಪ್ರಾಣಕ್ಕೇ ಅಪಾಯವೆಂಬುದು ಆಗ ನನಗೆ ತಿಳಿದಿರಲಿಲ್ಲ. ಮರುವರ್ಷ ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸುಮಾರು 45,000 ರೂಪಾಯಿ ಕಟ್ಟಿದೆ. ಅಲ್ಲಿ ತಿಂಗಳು ಕೂಡಿಹಾಕಿದರು. ಹೊರಬಂದ ಹತ್ತು ಹನ್ನೊಂದು ದಿನಕ್ಕೆ ಮತ್ತೆ ಕುಡಿದ. ದೇವರ ಮುಂದೆ ಮಾಡಿಸಿದ ಆಣೆ ದೀಪಾವಳಿಯವರೆಗೆ ನಿಂತಿತು. ಊಟದಲ್ಲಿ ಗುಟ್ಟಾಗಿ ಬೆರೆಸಬೇಕೆಂದು ಒಬ್ಬರು 2,500 ರೂಪಾಯಿಗೆ ಕೊಟ್ಟ ಪುಡಿಯನ್ನು ಬಳಸದೆ ಎಸೆದದ್ದು ಮಾತ್ರ ಸರಿಯಾಯಿತು. ಅಂಥ ಪುಡಿಯಲ್ಲಿ ಡೈಸಲ್ಫಿರಾಮ್ ಎಂಬ ಕುಡಿತ ಬಿಡಿಸುವ ಔಷಧ ಇರಬಹುದು, ತಿಳಿಯದೆ ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಹೃದಯಕ್ಕೆ ಆಘಾತವಾಗಬಹುದೆಂದು ವೈದ್ಯರು ಆಮೇಲೆ ತಿಳಿಸಿದರು.

2023ರ ಮೇ ತಿಂಗಳಲ್ಲಿ ಅವನೇ ಒಪ್ಪಿ ನನ್ನೊಡನೆ ಹಾಸನಕ್ಕೆ ಬಂದ. ಸುಮಾರು ಒಂಬತ್ತು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು, ಬಿ1 ಜೀವಸತ್ವದ ಇಂಜೆಕ್ಷನ್ ಕೊಟ್ಟು, ನಡುಕದ ಮಾತ್ರೆಗಳನ್ನು ದಿನದಿನಕ್ಕೂ ಇಳಿಸುತ್ತ ಬಂದರು. ಹಿಂದೆಲ್ಲ ಕೆಟ್ಟದ್ದು ಮನೆಗೆ ಮರಳಿದ ಮೇಲೆಯೇ ಆದ್ದರಿಂದ, ಈ ಬಾರಿ ನಾನು ಉಪದೇಶವನ್ನು ಪೂರ್ತಿ ಬಿಟ್ಟು ಎರಡನ್ನೇ ಹಿಡಿದೆ: ಅವನ ಕೈಗೆ ಬರುವ ನಗದು ಮತ್ತು ಸಂಜೆ ಐದರಿಂದ ಎಂಟರವರೆಗಿನ ಹೊತ್ತು.

ಸಾಲ ಒಟ್ಟು ಒಂಬತ್ತು ಲಕ್ಷದಷ್ಟಿತ್ತು. ಅದರಲ್ಲಿ ಶೇಕಡ ಮೂರರ ಬಡ್ಡಿಯ ಮೂರು ಲಕ್ಷ ಕೈಸಾಲವೇ ತಿಂಗಳಿಗೆ 9,000 ನುಂಗುತ್ತಿತ್ತು, ಆ ಚಿಂತೆಯೇ ಅವನನ್ನು ಅಂಗಡಿಗೆ ಎಳೆಯುತ್ತಿತ್ತು. ಸಾಲ ಕೊಟ್ಟವರ ಮನೆಗಳಿಗೆ ನಾನೇ ಹೋಗಿ, ಕೊಯ್ಲಿನವರೆಗೆ ಅವನನ್ನು ಕೇಳಬಾರದೆಂದು ಒಪ್ಪಿಸಿದೆ. ಇಬ್ಬರು ಬಡ್ಡಿಯನ್ನೂ ಇಳಿಸಿದರು. ಅವರನ್ನು ಹೇಗೆ ಒಪ್ಪಿಸಿದೆನೆಂಬುದನ್ನು ಇಲ್ಲಿ ಬರೆಯಲಾರೆ, ಅವರಿಗೆ ಮಾತು ಕೊಟ್ಟಿದ್ದೇನೆ. ಖರ್ಚನ್ನೆಲ್ಲ ಒಂದು ನೋಟ್ ಪುಸ್ತಕದಲ್ಲಿ ಅವನೇ ಬರೆಯುತ್ತಿದ್ದ. ಶನಿವಾರದ ಕೂಲಿ ಬಟವಾಡೆಯನ್ನು ನನ್ನ ತೋಟದ ಲೆಕ್ಕ ಬರೆಯುವ ರೈಟರ್ ಮಾಡುತ್ತಿದ್ದರು.

ಸಂಜೆಯ ಹೊತ್ತನ್ನು ತುಂಬಲು ಜೇನು ಪೆಟ್ಟಿಗೆ ಇಟ್ಟು ನೋಡಿದೆವು, ಮಳೆ ಹಿಡಿದ ಮೇಲೆ ಎರಡೂ ಗೂಡು ಖಾಲಿಯಾದವು. ಕೈಹಿಡಿದದ್ದು ಮಳೆಗಾಲದಲ್ಲಿ ಮೆಣಸಿನ ಬಳ್ಳಿ ರೋಗದಿಂದ ಸೊರಗದಂತೆ ಹೊಡೆಯುವ ಬೋರ್ಡೋ ದ್ರಾವಣ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣವೆಂಬುದು ಬೆಳೆಗಾರರಿಗೆಲ್ಲ ಗೊತ್ತಿರುವ ಅಳತೆಯೇ. ಸಂಜೆ ತೂಕ ಮಾಡಿ ಸುಣ್ಣ ನೆನೆಸಿಡುವುದು, ಬೆಳಿಗ್ಗೆ ಬೆರೆಸಿ ಅದ್ದಿದ ಚಾಕುವಿಗೆ ತಾಮ್ರದ ಕೆಂಪು ಹತ್ತುವುದೇ (ಹತ್ತಿದರೆ ಸುಣ್ಣ ಸಾಲದು) ಎಂದು ನೋಡುವುದು, ಇವೆರಡನ್ನೂ ಅವನಿಗೇ ಬಿಟ್ಟೆ. ಮೊದಲ ವಾರ ತಕ್ಕಡಿಯ ಮುಂದೆ ನಡುಗುತ್ತಿದ್ದ ಕೈ ಜುಲೈ ಹೊತ್ತಿಗೆ ಸ್ಥಿರವಾಗಿತ್ತು. ಹಿಂದಿನ ವರ್ಷ ಅರವತ್ತು ಎಪ್ಪತ್ತು ಬಳ್ಳಿ ಸೊರಗಿದ್ದ ತೋಟದಲ್ಲಿ ಆ ಮಳೆಗಾಲ ಐದಾರು ಮಾತ್ರ ಹೋದವು. ನನ್ನ ತೋಟಕ್ಕಿಂತ ಅದು ಚೆನ್ನಾಗಿತ್ತೆಂದು ಹೇಳಲು ನನಗೆ ಹೆಮ್ಮೆಯೇ.

ಸೆಪ್ಟೆಂಬರಿನಲ್ಲಿ ಒಂದು ಬೀಗರೂಟದಲ್ಲಿ ಮತ್ತೆ ಕುಡಿದ. ನಾನು ಬೈಯದೆ ಮರುದಿನವೇ ಅವನನ್ನು ಹಾಸನದ ವೈದ್ಯರ ಬಳಿಗೆ ಕರೆದೊಯ್ದೆ. ಅಂದಿನಿಂದ ಈವರೆಗೆ ಮುಟ್ಟಿಲ್ಲ.

2024ರ ಕೊಯ್ಲಿನಲ್ಲಿ ಸುಮಾರು ನಲವತ್ತು ಮೂಟೆ ಚೆರ್ರಿ, ಎಂದರೆ ಸಿಪ್ಪೆ ಸಹಿತ ಕಾಫಿ, ಅವನ ಕಣದಲ್ಲೇ ಒಣಗಿತು. ಆ ವರ್ಷ ರೋಬಸ್ಟಾ ಧಾರಣೆ ಏರಿದ್ದರಿಂದಲೇ ಅವನು ಉಳಿದನೆಂದು ಕೆಲವರು ಹೇಳುತ್ತಾರೆ. ಧಾರಣೆ ನೆರವಾದದ್ದು ನಿಜವೇ, ಆದರೆ ಫಸಲು ಹಿಂದಿನಂತೆ ಗಿಡದಲ್ಲೇ ಮಾರಾಟವಾಗಿದ್ದರೆ ಆ ಏರಿಕೆ ವ್ಯಾಪಾರಿಯದಾಗುತ್ತಿತ್ತು. ಕೈಸಾಲ ಪೂರ್ತಿ ತೀರಿ, ಈಗ ಸೊಸೈಟಿಯದು ಒಂದೂವರೆ ಲಕ್ಷದಷ್ಟು ಉಳಿದಿದೆ. ಮೂರು ವರ್ಷದಲ್ಲಿ ನನ್ನ ಕೈಯಿಂದ ಹೋದದ್ದು 1.8 ಲಕ್ಷವಿರಬಹುದು, ಅದರಲ್ಲಿ ಅರ್ಧವನ್ನು ನಾನು ಕೇಳದೆಯೇ ಅವನು ಹಿಂದಿರುಗಿಸಿದ್ದಾನೆ. ಪತ್ನಿ ಮತ್ತು ಮಗಳು ಕಳೆದ ಯುಗಾದಿಗೆ ಮನೆಗೆ ಬಂದರು. ಬಟವಾಡೆಯನ್ನು ಈಗ ಅವನೇ ಮಾಡುತ್ತಾನೆ. ನೋಟ್ ಪುಸ್ತಕವನ್ನು ಮಾತ್ರ ಶನಿವಾರ ರಾತ್ರಿ ತಂದು ನನಗೆ ತೋರಿಸಿಯೇ ಹೋಗುತ್ತಾನೆ.