ಸದಸ್ಯರ ಮೇಲಿನ ದೂರು: ಕಡತ ಕರಗಿದ ಬಗೆ

ಸ್ಥಳೀಯ ಸಂಸ್ಥೆಯೊಂದರ ಸದಸ್ಯರ ನಡವಳಿಕೆ ಕುರಿತ ದೂರುಗಳ ಕಡತ ನನ್ನ ಪಾಲಿಗೆ ಬಂದಾಗ, ಅದರಲ್ಲಿ ಅರ್ಧಕ್ಕರ್ಧ ದೂರುಗಳೇ ಆಗಿರಲಿಲ್ಲ. ‘ರಸ್ತೆ ಯೋಜನೆಯ ವಿರುದ್ಧ ಮತ ಹಾಕಿದರು’ ಎಂಬುದು ರಾಜಕೀಯ ಅಸಮಾಧಾನ. ಅದಕ್ಕೆ ಮದ್ದು ಚುನಾವಣೆ, ತನಿಖೆಯಲ್ಲ. ಅಂಥವನ್ನು ಕಾರಣ ಬರೆದು ಹಿಂದಿರುಗಿಸಿದೆ.

ಉಳಿದವು ತೀರಾ ಮೊಗಮ್ಮಾಗಿದ್ದವು. ನಮೂನೆಯಲ್ಲಿದ್ದ ‘ದೂರಿನ ವಿವರ’ ಎಂಬ ಖಾಲಿ ಜಾಗ ತೆಗೆದು, ‘ಯಾವ ದಿನ, ಯಾರ ಎದುರು, ಯಾವ ಮಾತು?’ ಎಂದು ಕೇಳಿದೆ. ಮೊದಲು ‘ದುರಹಂಕಾರದ ವರ್ತನೆ’ ಎಂದಷ್ಟೇ ಬರೆದಿದ್ದ ಸಿಬ್ಬಂದಿಯೊಬ್ಬರು, ಸದಸ್ಯರು ಸಭೆಯ ನಡುವೆ ಕಡತವನ್ನು ಮೇಜಿನ ಮೇಲೆ ಎಸೆದು ‘ನಿನಗೆ ಓದಲು ಬರುತ್ತದೆಯೇ?’ ಎಂದದ್ದನ್ನು ಬರೆದುಕೊಟ್ಟರು. ಸಭೆಯ ಧ್ವನಿಮುದ್ರಣದಲ್ಲಿ ಆ ಮಾತು ಹಾಗೆಯೇ ಇತ್ತು.

ತೂಗಿ ನೋಡುವವರು ಯಾರು ಎಂಬುದೇ ನಿಜವಾದ ತೊಡಕು. ಸಹಸದಸ್ಯರೇ ತೀರ್ಪುಗಾರರಾದರೆ ಪಕ್ಷದ ವಾಸನೆ ತಪ್ಪದು. ಇಂಗ್ಲೆಂಡಿನ 2011ರ ಸ್ಥಳೀಯತಾ ಕಾಯ್ದೆಯ ಪ್ರಕಾರ, ತನಿಖೆಯಾದ ಆರೋಪದ ಮೇಲೆ ತೀರ್ಮಾನಿಸುವ ಮುನ್ನ ಸ್ವತಂತ್ರ ವ್ಯಕ್ತಿಯೊಬ್ಬರ ಅಭಿಪ್ರಾಯ ಪರಿಗಣಿಸಲೇಬೇಕು. ಆ ಕ್ರಮವನ್ನೇ ಎರವಲು ಪಡೆದೆವು. ಸದಸ್ಯರಿಗೂ ದೂರಿನ ಪ್ರತಿ ಕೊಟ್ಟು ಉತ್ತರ ಕೇಳಿದೆವು (ಹಿಂದೆ ಅವರಿಗೆ ಪತ್ರಿಕೆ ಓದಿಯೇ ವಿಷಯ ತಿಳಿಯುತ್ತಿತ್ತಂತೆ!).

ಈ ಪ್ರಕರಣ ಲಿಖಿತ ಕ್ಷಮಾಪಣೆಯಲ್ಲಿ ಮುಗಿಯಿತು. ಸಿಬ್ಬಂದಿ ಅದನ್ನು ಒಪ್ಪಿದ ಮೇಲಷ್ಟೇ ಕಡತ ಮುಚ್ಚಿದೆ.